ಕಿಡಿಯಣ್ಣನ ಬಲಗೈ

ಕಿಡಿಯಣ್ಣನಿಗೆ ಸಿಟ್ಟು ಬರುತ್ತದೆ ಎಂದರೆ ಅದು ಅರ್ಧ ಸತ್ಯ. ಬರಬೇಕಾದರೆ ಒಮ್ಮೆಯಾದರೂ ಹೋಗಿರಬೇಕಲ್ಲ? ಅವನ ಸಿಟ್ಟು ಹೋದದ್ದನ್ನು ಕಂಡವರಿಲ್ಲ. ಅದು ಅವನ ಜೊತೆಗೇ ಎದ್ದು, ಅವನ ಜೊತೆಗೇ ಹಲ್ಲುಜ್ಜಿ, ಅವನ ಹೆಗಲ ಮೇಲಿಂದ ಇಣುಕಿ ಪೇಪರ್ ಓದುತ್ತಿತ್ತು. ಮೂವತ್ತಾರು ವರ್ಷ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದು ನಿವೃತ್ತನಾದ ದಿನ ಜೊತೆಗಾರರೆಲ್ಲ ಸೇರಿ ಒಂದು ಗೋಡೆ ಗಡಿಯಾರ ಕೊಟ್ಟರು. ಅದರ ಸೆಲ್ಲನ್ನು ತಲೆಕೆಳಗಾಗಿ ಹಾಕಿದ್ದಾರೆಂದು ಅಲ್ಲೇ, ಮ್ಯಾನೇಜರರ ಭಾಷಣದ ನಡುವೆಯೇ, ಜಗಳ ತೆಗೆದ. ಬೀಳ್ಕೊಡುಗೆ ಮುಗಿದಾಗ ಗಡಿಯಾರ ನಡೆಯುತ್ತಿತ್ತು, ಮ್ಯಾನೇಜರರು ನಿಂತುಹೋಗಿದ್ದರು.

ಅಂಥವನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಹವಾಮಾನ ಇಲಾಖೆಗಿಂತ ಚುರುಕಾಗಿದ್ದಳು. ಗಂಡ ಸ್ಪ್ಯಾನರನ್ನು ಮೇಜಿನ ಮೇಲೆ ಇಡುವ ಸದ್ದು ಕೇಳಿಯೇ, ಇವತ್ತು ಮಾತಾಡಬಹುದೋ ಬಾರದೋ ಎಂದು ತೀರ್ಮಾನಿಸುತ್ತಿದ್ದಳು. ಅವಳ ಲೆಕ್ಕದಲ್ಲಿ ಆ ಇಡೀ ತಿಂಗಳು ಬಿರುಗಾಳಿ. ಕಾರಣ, ಭಾವನ ಮನೆಬಸ್ಸು.

ಭಾವ ಎಂದರೆ ಕಿಡಿಯಣ್ಣನ ಅಕ್ಕನ ಗಂಡ. ಶಾಲಾ ವ್ಯಾನಿನ ಡ್ರೈವರಾಗಿದ್ದವರು, ಶಿಳ್ಳೆ ಹಾಕುತ್ತಲೇ ಬದುಕು ಸವೆಸಿದವರು. ತಾವು ಇಪ್ಪತ್ತೆರಡು ವರ್ಷ ಓಡಿಸಿದ ವ್ಯಾನನ್ನು ಶಾಲೆಯವರು ಗುಜರಿಗೆ ಹಾಕಲು ಹೊರಟಾಗ ಅದನ್ನೇ ಕೊಂಡು ತಂದು, ಸೀಟುಗಳನ್ನು ಕಿತ್ತು, ಎರಡು ಮಂಚ, ಒಂದು ಒಲೆ, ಅಂಗೈಯಗಲದ ಸಿಂಕು, ಮೊಣಕಾಲೆತ್ತರದ ಫ್ರಿಜ್ಜು ಕೂರಿಸಿದ್ದರು. ಹಿಂದಿನ ಗಾಜಿನ ಮೇಲೆ ‘ಮಕ್ಕಳಿದ್ದಾರೆ, ನಿಧಾನ’ ಎಂಬ ಅಕ್ಷರ ಹಾಗೇ ಉಳಿದಿತ್ತು. ಒಳಗೆ ಹೋಗಬೇಕಿದ್ದ ಮಕ್ಕಳಿಗೆ ಅರವತ್ತೆಂಟು ಮತ್ತು ಎಪ್ಪತ್ತು.

ಇಷ್ಟೆಲ್ಲ ಮಾಡಿದ್ದು ಅಕ್ಕನಿಗಾಗಿ. ಅಕ್ಕ ಮೂವತ್ತು ವರ್ಷ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದವಳು. ಬೇರೆಯವರು ಅಳೆದು ತಂದ ಅಂಕಿಗಳನ್ನು ನೋಡಿ, ತಾನೆಂದೂ ಕಾಣದ ನದಿ, ಗುಡ್ಡ, ಕಡಲತೀರಗಳನ್ನು ಕೂದಲೆಳೆಯಂಥ ಗೆರೆಯಲ್ಲಿ ಇಳಿಸುತ್ತಿದ್ದಳು. ಅದರಲ್ಲೊಂದು ಭೂಶಿರ, ಸಮುದ್ರದೊಳಕ್ಕೆ ಮೂಗು ತೂರಿಸಿದ ಹಾಗೆ ಇರುವುದು, ಅವಳಿಗೆ ಬಹಳ ಇಷ್ಟ. ನಿವೃತ್ತಿಯಾದ ಮೇಲೆ ಹೋಗಿ ನೋಡಬೇಕು ಎಂದಿದ್ದಳು. ನಿವೃತ್ತಿಯ ವರ್ಷವೇ ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಗೊತ್ತಾಯಿತು. ಅಂದಿನಿಂದ ರಾತ್ರಿಯಿಡೀ ಮೂಗಿಗೆ ಮುಖವಾಡ, ಪಕ್ಕದಲ್ಲಿ ಗಾಳಿ ಊದುವ ಯಂತ್ರ. ಯಂತ್ರಕ್ಕೆ ಕರೆಂಟು ಬೇಕು. ಕಂಡ ಕಂಡ ಲಾಡ್ಜಿನಲ್ಲಿ ಕರೆಂಟು ಹೋದರೆ ಏನು ಗತಿ ಎಂಬ ಹೆದರಿಕೆಗೆ ಎಂಟು ವರ್ಷದಿಂದ ಅಕ್ಕ ಸ್ವಂತ ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿರಲಿಲ್ಲ.

ಬಸ್ಸಿನ ವಿದ್ಯುತ್ ಕೆಲಸ ಕಿಡಿಯಣ್ಣನ ಪಾಲಿಗೆ ಬಂತು. ಪಾಲಿಗೆ ಬಂತು ಎನ್ನುವುದು ತಪ್ಪು. ಅವನೇ ಕಿತ್ತುಕೊಂಡ.

“ನನ್ನ ಅಕ್ಕನ ಉಸಿರು ಕಂಡೋರ ಕೈಗೆ ಕೊಡಲ್ಲ,” ಎಂದ.

ಸರಿಯಾಗಿಯೇ ಮಾಡಿದ ಕೂಡ. ಎಂಜಿನ್ನಿಗೆ ಒಂದು ಬ್ಯಾಟರಿ, ಸಂಸಾರಕ್ಕೆ ಮಂಚದ ಕೆಳಗೆ ಎರಡು. ಒಂದೇ ಸೂರಿನಡಿ ಒಲೆ ಬೇರೆ ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ. ಇವರೆಷ್ಟು ಉಂಡು ಬರಿದಾದರೂ ಎಂಜಿನ್ನಿನವನ ಅನ್ನಕ್ಕೆ ಕೈ ಹಾಕುವಂತಿಲ್ಲ, ಬೆಳಗ್ಗೆ ಬಸ್ಸು ಹೊರಡಲೇಬೇಕು. ಛಾವಣಿಯ ಮೇಲೆ ಎರಡು ಸೋಲಾರ್ ಪ್ಯಾನೆಲ್. ಬಿಸಿಲನ್ನು ಹದ ಮಾಡಿ ಬ್ಯಾಟರಿಗೆ ಉಣಿಸಲು ಒಂದು ಪೆಟ್ಟಿಗೆ, ಅದರ ಹೆಸರು ಕಂಟ್ರೋಲರ್. ಯಂತ್ರಕ್ಕೆ ಇನ್ವರ್ಟರ್ ಹಾಕೋಣ ಎಂದ ಭಾವನಿಗೆ ಸರಿಯಾಗಿ ಮಂಗಳಾರತಿಯಾಯಿತು.

“ಹನ್ನೆರಡು ವೋಲ್ಟನ್ನ ಇನ್ನೂರಮೂವತ್ತು ಮಾಡೋದು, ಯಂತ್ರದ ಒಳಗೆ ಮತ್ತೆ ಹನ್ನೆರಡಕ್ಕೆ ಇಳಿಸೋದು. ಪಕ್ಕದ ಮನೆಗೆ ಹೋಗೋಕೆ ವಿಮಾನ ಹತ್ತುತೀರಾ ಭಾವ? ದಾರಿ ಖರ್ಚು ಯಾರಪ್ಪ ಕೊಡ್ತಾನೆ? ನೇರವಾಗಿ ಹನ್ನೆರಡರಿಂದಲೇ ಎಳೀತೀನಿ.”

ಭಾವ ಶಿಳ್ಳೆ ಹಾಕಿದರು. ಅದು ಅವರ ಒಪ್ಪಿಗೆಯ ರೀತಿ.

ಇನ್ನು ಮೇನ್ ಸ್ವಿಚ್ಚಿನ ವಿಷಯ. ಬಾಗಿಲ ಪಕ್ಕ, ಇಳಿಯುವವರ ಬಲಗೈಗೆ ಸಿಗುವ ಹಾಗೆ, ಕಿಡಿಯಣ್ಣ ಒಂದು ಕೆಂಪು ಸ್ವಿಚ್ಚು ಕೂರಿಸಿದ. ತಿರುಗಿಸಿದರೆ ಇಡೀ ಮನೆಯ ಕರೆಂಟು ಕಟ್. ಡಿಪೋದ ಪ್ರತಿ ಬಸ್ಸಿನಲ್ಲೂ ಅಂಥದ್ದಿತ್ತು. ಅವನಿಗೆ ಇಪ್ಪತ್ನಾಲ್ಕು ವರ್ಷವಾಗಿದ್ದಾಗ ಒಂದು ಸಂಜೆ ಆ ಸ್ವಿಚ್ಚನ್ನು ಆಫ್ ಮಾಡದೆ ಇಳಿದಿದ್ದ. ಎಲ್ಲೋ ಸಿಪ್ಪೆ ಸುಲಿದ ವೈರು ತಗಡಿಗೆ ತಾಗಿ, ಬೆಳಗಾಗುವಷ್ಟರಲ್ಲಿ ಮೂರು ಬಸ್ಸು ಬೂದಿ. ಅವನ ಮೇಸ್ತ್ರಿ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡು, ಬರಬೇಕಿದ್ದ ಬಡ್ತಿ ಕಳೆದುಕೊಂಡು, ಸುಟ್ಟ ಬಸ್ಸಿನ ಮುಂದೆ ನಿಲ್ಲಿಸಿ ಇವನ ಕೆನ್ನೆಗೆ ಒಂದು ಕೊಟ್ಟ. “ಇನ್ಮೇಲೆ ನಿನ್ನ ಕೈಗೆ ಹೇಳು. ತಲೆಗೆ ಹೇಳಬೇಡ, ಅದು ಮರೆಯುತ್ತೆ,” ಎಂದ. ಕಿಡಿಯಣ್ಣ ಕೈಗೆ ಹೇಳಿದ. ಆಮೇಲೆ ಮೂವತ್ತಾರು ವರ್ಷ ಆ ಕೈ ಮರೆಯಲಿಲ್ಲ. ಬಸ್ಸಿನಿಂದ ಇಳಿಯುವಾಗ ಕಾಲು ಮೆಟ್ಟಿಲು ಹುಡುಕುವ ಹೊತ್ತಿಗೆ ಬಲಗೈ ತನ್ನಷ್ಟಕ್ಕೆ ತಾನು ಹೋಗಿ, ಟಕ್ ಎನಿಸಿ, ವಾಪಸ್ ಬಂದಿರುತ್ತಿತ್ತು. ಈ ವ್ಯವಹಾರದಲ್ಲಿ ಯಜಮಾನನ ತಲೆಯನ್ನು ಅದು ಯಾವತ್ತೂ ಕೇಳಿದ್ದಿಲ್ಲ.

ಪ್ಯಾನೆಲ್, ಬ್ಯಾಟರಿ ಕೊಟ್ಟದ್ದು ಪೇಟೆಯ ಅಂಗಡಿಯವನು. ಯಾರು ಎಷ್ಟು ಕೂಗಾಡಿದರೂ ದನಿ ಏರಿಸದ ಕಾರಣ ಅವನಿಗೆ ತಣ್ಣೀರಣ್ಣ ಎಂದೇ ಹೆಸರು. ಅವನೇ ಬಂದು ಕಂಟ್ರೋಲರಿನ ವೈರನ್ನು ನೇರವಾಗಿ ಬ್ಯಾಟರಿಗೆ ಕೊಟ್ಟು ಹೋಗಿದ್ದ. ಮರುದಿನ ಅದನ್ನು ಕಂಡ ಕಿಡಿಯಣ್ಣನ ಮೀಸೆ ನಿಮಿರಿತು.

“ನೋಡಿ ಭಾವ, ಕಳ್ಳ ವೈರು. ಮೇನ್ ಸ್ವಿಚ್ಚಿಗೆ ಹೇಳದೆ ಕೇಳದೆ ಹಿತ್ತಲ ಬಾಗಿಲಿಂದ ನುಗ್ಗಿದೆ. ಸ್ವಿಚ್ ಆಫ್ ಅಂದ್ರೆ ಆಫ್. ಒಂದು ಹನಿ ಕರೆಂಟೂ ಅಲ್ಲಾಡಬಾರದು.” ವೈರನ್ನು ಕಿತ್ತು, ಸ್ವಿಚ್ಚಿನ ಈಚೆ ಬದಿಗೆ, ದೀಪ ಫ್ಯಾನುಗಳ ಸಾಲಿನಲ್ಲಿ ತಂದು ಬಿಗಿದ. ಕಳ್ಳನನ್ನು ಹಿಡಿದು ಕೋಳ ತೊಡಿಸಿದ ದಂಡನಾಯಕನ ಹಾಗೆ ಕೈ ಒರೆಸಿಕೊಂಡ.

ಆಮೇಲೆ ಯುದ್ಧ ಶುರುವಾಯಿತು.

ಯಂತ್ರ ಅಕ್ಕನಿಗೆ ದಿನವೂ ಬೇಕಾದ್ದರಿಂದ, ಅದರಷ್ಟೇ ಕರೆಂಟು ಕುಡಿಯುವ ಒಂದು ಫ್ಯಾನನ್ನು ಪರೀಕ್ಷೆಗೆ ಇಟ್ಟರು. ಸಂಜೆ ಭಾವ ಬಸ್ಸು ಹತ್ತಿ ಫ್ಯಾನು, ಫ್ರಿಜ್ಜು ಹಾಕಿ ಬರುವುದು. ಬೆಳಗ್ಗೆ ಏಳಕ್ಕೆ ಕಿಡಿಯಣ್ಣ ಬಂದು ನೋಡುವುದು. ಮೊದಲ ಬೆಳಗ್ಗೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಎರಡನೆಯ ಬೆಳಗ್ಗೆ ನಿದ್ದೆಗಣ್ಣಿನಲ್ಲಿ ತಿರುಗುತ್ತಿತ್ತು. ಮೂರನೆಯ ಬೆಳಗ್ಗೆ ನಿಂತಿತ್ತು. ಹೊಟ್ಟೆ ತುಂಬಿದ ಬ್ಯಾಟರಿ ಮೀಟರಿನಲ್ಲಿ ಹನ್ನೆರಡು ಪಾಯಿಂಟ್ ಏಳು ತೋರಿಸಬೇಕು; ಹನ್ನೆರಡು ಪಾಯಿಂಟ್ ಎರಡಕ್ಕಿಂತ ಕೆಳಗಿಳಿದರೆ ಅದರ ಆಯುಸ್ಸಿಗೇ ಪೆಟ್ಟು. ಇದು ಹನ್ನೊಂದು ಪಾಯಿಂಟ್ ಎಂಟು ತೋರಿಸುತ್ತ ಮಲಗಿತ್ತು. ವಿಚಿತ್ರವೆಂದರೆ ಆ ಹೊತ್ತಿನಲ್ಲಿ ಕಂಟ್ರೋಲರಿನ ಹಸಿರು ದೀಪ ಉರಿಯುತ್ತಿತ್ತು, ಬಿಸಿಲು ಕಣ್ಣೆದುರೇ ಬ್ಯಾಟರಿಗೆ ಇಳಿಯುತ್ತಿತ್ತು. ಕಿಡಿಯಣ್ಣ ಒಂದು ಗಂಟೆ ಎಲ್ಲ ಟರ್ಮಿನಲ್ ಉಜ್ಜಿ, ಬಿಗಿದು, ಬೈದು, ಇಳಿದು ಮನೆಗೆ ಹೋದ. ಇಳಿಯುವಾಗ ಟಕ್.

ಮೊದಲ ದಂಡಯಾತ್ರೆ ಛಾವಣಿಯ ಮೇಲೆ ನಡೆಯಿತು. ಅರವತ್ತರ ವೀರ ಏಣಿ ಹತ್ತಿ ಪ್ಯಾನೆಲ್ಲಿನ ಮೇಲೆ ಕೂತ ಪಾರಿವಾಳಗಳನ್ನು ಅಟ್ಟಿದ. ಎದುರು ಮನೆಯವರು ಒಣಹಾಕಿದ ಬೆಡ್‌ಶೀಟಿನ ನೆರಳು ಬೀಳುತ್ತಿದೆಯೆಂದು ಅವರ ಜೊತೆ ಕಿತ್ತಾಡಿ, ಅವರ ಹಗ್ಗವನ್ನು ಎರಡು ಗೇಣು ಹಿಂದೆ ಕಟ್ಟಿಸಿದ. ಪಾರಿವಾಳ ಹೋದವು, ಬೆಡ್‌ಶೀಟು ಹಿಂದೆ ಸರಿಯಿತು, ಫ್ಯಾನು ಮಾತ್ರ ಏಳಲಿಲ್ಲ.

ಎರಡನೆಯದು ತಣ್ಣೀರಣ್ಣನ ಅಂಗಡಿಗೆ. ಎರಡು ಬ್ಯಾಟರಿಯನ್ನೂ ಬಿಚ್ಚಿ ಆಟೋದಲ್ಲಿ ಹೇರಿಕೊಂಡು ಹೋಗಿ ಕೌಂಟರಿನ ಮೇಲೆ ಕುಕ್ಕಿದ. “ಸತ್ತ ಹೆಣ ಮಾರ್ತೀಯಾ?” ಎಂದ.

ತಣ್ಣೀರಣ್ಣ ಅದನ್ನು ಮೀಟರಿಗೆ, ಚಾರ್ಜರಿಗೆ ಹಾಕಿ ಒಂದು ದಿನ ಇಟ್ಟುಕೊಂಡು, ತುಂಬಿಸಿ ವಾಪಸ್ ಕೊಟ್ಟ. “ಚೆನ್ನಾಗೇ ಇದೆ ಯಜಮಾನ್ರೇ.” ಮತ್ತೆ ಮೂರು ದಿನಕ್ಕೆ ಅದೇ ಹಾಡು. ಎರಡನೆಯ ಬಾರಿ ಒಯ್ದಾಗ ಹೊಸ ಜೋಡಿಯನ್ನೇ ಕೊಟ್ಟ. ಆ ಹೊಸ ಜೋಡಿಯೂ ನಾಲ್ಕನೆಯ ದಿನ ಮಲಗಿತು. ಮೂರನೆಯ ಬಾರಿ ತಣ್ಣೀರಣ್ಣ ಬ್ಯಾಟರಿಯ ಮೇಲೆ ಕೈಯಿಟ್ಟು, ಜ್ವರ ನೋಡುವ ಡಾಕ್ಟರ ಹಾಗೆ, ತನ್ನ ಮೆಲ್ಲನೆಯ ದನಿಯಲ್ಲಿ ಹೇಳಿದ.

“ಇದಕ್ಕೆ ಕಾಯಿಲೆ ಇಲ್ಲ ಯಜಮಾನ್ರೇ. ಹಸಿದಿದೆ. ಇಲ್ಲಿ ಹಾಕಿದ್ರೆ ತುಂಬುತ್ತೆ. ಅಲ್ಲಿ ಯಾರೋ ಊಟ ಹಾಕ್ತಿಲ್ಲ. ನಾನು ಕೊಟ್ಟ ವೈರು ಹಾಗೇ ಇದೆಯಾ?”

“ನಿನ್ನ ಕಳ್ಳ ವೈರನ್ನ ನಾನು ಯಾವತ್ತೋ ಸರಿ ಮಾಡಿದ್ದೀನಿ. ನನಗೆ ಪಾಠ ಹೇಳ್ತೀಯಾ? ನೀನು ಹುಟ್ಟೋ ಮುಂಚೆ ನಾನು ಇನ್ನೂರು ಬಸ್ಸಿಗೆ ವೈರ್ ಎಳೆದಿದ್ದೆ.”

ತಣ್ಣೀರಣ್ಣ ಇನ್ನೇನೋ ಹೇಳಿದ. ಅದು ಕಿಡಿಯಣ್ಣನ ಸ್ವಂತ ಗದ್ದಲದಲ್ಲಿ ಅವನಿಗೇ ಕೇಳಿಸಲಿಲ್ಲ.

ಮೂರನೆಯ ಯುದ್ಧ ಭಾವನ ಮೇಲೆ. ರಾತ್ರಿ ಕದ್ದು ಏನೇನು ಹಾಕುತ್ತೀರಿ, ರೇಡಿಯೋ ಎಷ್ಟು ಹೊತ್ತು, ಫ್ರಿಜ್ಜಿನ ಬಾಗಿಲು ಎಷ್ಟು ಸಲ ತೆಗೆಯುತ್ತೀರಿ ಎಂದು ವಿಚಾರಣೆ ನಡೆಯಿತು. “ನೀನು ಹೇಳಿದ್ದಷ್ಟೇ ಹಾಕೋದಪ್ಪಾ,” ಎಂದು ಭಾವ ಶಿಳ್ಳೆಯನ್ನು ಮುಂದುವರಿಸಿದರು. ಆ ಶಿಳ್ಳೆ ಕಿಡಿಯಣ್ಣನ ಮೈಯುರಿಸಿತು. “ಅಕ್ಕನ ಉಸಿರಿನ ಪ್ರಶ್ನೆ, ನಿಮಗೆ ಸಂಗೀತ,” ಎಂದು ಬಿಟ್ಟ. ಭಾವನ ಶಿಳ್ಳೆ ನಿಂತಿತು. ಮದುವೆಯಾಗಿ ನಲವತ್ತು ವರ್ಷದಲ್ಲಿ ಅವರ ಮುಖ ಹಾಗೆ ಬಿದ್ದದ್ದನ್ನು ಯಾರೂ ನೋಡಿರಲಿಲ್ಲ.

ಅಕ್ಕ ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಹೊರಗೆ ಬಂದು, “ಸಾಕು. ಭಾನುವಾರದವರೆಗೆ ನೋಡೋಣ. ಆಗದಿದ್ರೆ ಬಸ್ಸು ಮಾರಿಬಿಡಿ. ಜ್ಯೂಸ್ ಅಂಗಡಿಯವನು ಎರಡು ಸಲ ಕೇಳಿ ಹೋಗಿದ್ದಾನೆ. ನನ್ನ ಒಂದು ಮೂಗಿಗೋಸ್ಕರ ನೀವಿಬ್ಬರು ಮಾತು ಬಿಡೋದು ಬೇಡ,” ಎಂದಳು. ಮೆತ್ತಗೆ ಹೇಳಿದಳು. ಆದರೆ ಮನೆಯೊಳಕ್ಕೆ ಹೋಗುವಾಗ ಬಸ್ಸಿನ ತಗಡನ್ನು ಒಮ್ಮೆ ಸವರಿದ್ದನ್ನು ಕಿಡಿಯಣ್ಣ ನೋಡಿಬಿಟ್ಟ. ಆ ದಿನ ಅವನ ಮನೆಯಲ್ಲಿ ಸ್ಪ್ಯಾನರ್ ಇಟ್ಟ ಸದ್ದಿಗೆ ಹೆಂಡತಿ ಹಿತ್ತಲಿಗೇ ಹೋಗಿ ಕೂತಳು.

ಗುರುವಾರ ಬೆಳಗ್ಗೆ ಕಿಡಿಯಣ್ಣ ಬಂದಾಗ ಅಕ್ಕ ಬಸ್ಸಿನ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಮುಂದೆ ದೊಡ್ಡ ಹಾಳೆ, ಸ್ಕೇಲು, ಎರಡು ಬಣ್ಣದ ಪೆನ್ನು, ಮೂಗಿನ ತುದಿಗೆ ಇಳಿದ ಹಳೆಯ ಕನ್ನಡಕ. ಟೀ ಫ್ಲಾಸ್ಕ್ ಹಿಡಿದು ಕಿಡಿಯಣ್ಣನ ಹೆಂಡತಿಯೂ ಬಂದಿದ್ದಳು. ಭಾವ ಸ್ಟೀರಿಂಗ್ ಮುಂದೆ ಶಿಳ್ಳೆಯಿಲ್ಲದೆ ಕೂತಿದ್ದರು.

“ಬಾರೋ. ಒಂದೊಂದೇ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಹೇಳು. ನಕ್ಷೆ ಇಲ್ಲದೆ ಇಷ್ಟು ದಿನ ಹೇಗೋ ಅಲೆದಾಡಿದ್ದೀರಿ,” ಎಂದಳು ಅಕ್ಕ.

“ನಕ್ಷೆ ನನ್ನ ತಲೇಲಿದೆ.”

“ಅಲ್ಲಿ ಹೊಗೆ ಜಾಸ್ತಿ, ಕಾಣಲ್ಲ. ಹೇಳು.”

ಕಿಡಿಯಣ್ಣ ಗೊಣಗುತ್ತ ಹೇಳುತ್ತಾ ಹೋದ. ಅಕ್ಕ ಪ್ಯಾನೆಲ್ಲಿನಿಂದ ಕಂಟ್ರೋಲರಿಗೆ ಕೆಂಪು ಗೆರೆ ಎಳೆದಳು, ನದಿ ಎಳೆಯುವ ಹಾಗೆಯೇ, ಕೈ ಎತ್ತದೆ. ಅಲ್ಲಿಂದ ಮುಂದಕ್ಕೆ ಬಂದು ನಿಂತಳು.

“ಇಲ್ಲೇನಿದೆ?”

“ಮೇನ್ ಸ್ವಿಚ್ಚು.”

“ಅಂದ್ರೆ ಎತ್ತಿ ಇಳಿಸೋ ಸೇತುವೆ. ಈ ಕಡೆ ದೀಪ, ಫ್ಯಾನು, ಬಿಸಿಲು. ಆ ಕಡೆ ಬ್ಯಾಟರಿ. ಬಿಸಿಲೂ ಈ ಸೇತುವೆ ಮೇಲೇ ದಾಟಬೇಕಾ?”

“ಎಲ್ಲಾನೂ ದಾಟಬೇಕು. ಅದೇ ಅದರ ಗತ್ತು.”

“ಹಗಲು ಹೊತ್ತು ಸೇತುವೆ ಇಳಿಸಿರುತ್ತಾ, ಎತ್ತಿರುತ್ತಾ?”

“ಇಳಿಸಿರುತ್ತೆ,” ಎಂದ ಕಿಡಿಯಣ್ಣ.

“ಎತ್ತಿರುತ್ತೆ,” ಎಂದರು ಭಾವ, ಮುಂದಿನ ಸೀಟಿನಿಂದ. “ದಿನಾ ಸಂಜೆ ನಾನು ಬಂದಾಗ ಆ ಕೆಂಪು ಸ್ವಿಚ್ಚು ಆಫ್ ಆಗಿರುತ್ತೆ. ನಾನೇ ಆನ್ ಮಾಡೋದು. ಅದರ ಪದ್ಧತಿನೇ ಹಾಗೆ ಅಂದ್ಕೊಂಡಿದ್ದೆ.”

ಅಕ್ಕನ ಪೆನ್ನು ಹಾಳೆಯ ಮೇಲೆ ನಿಂತಿತು. “ಹಾಗಾದ್ರೆ ಇಡೀ ಹಗಲು ಬಿಸಿಲು ಈ ದಡದಲ್ಲೇ ನಿಂತಿರುತ್ತೆ. ಆ ದಡದಲ್ಲಿ ಬ್ಯಾಟರಿ ಉಪವಾಸ. ಬೆಳಗ್ಗೆ ಏಳರಿಂದ ಸಂಜೆ ಒಳಗೆ ಸೇತುವೆ ಎತ್ತೋರು ಯಾರು?”

ಕಿಡಿಯಣ್ಣನ ಹೆಂಡತಿ ಟೀ ಬಗ್ಗಿಸುತ್ತ, ಯಾರ ಮುಖವನ್ನೂ ನೋಡದೆ, “ಅತ್ತಿಗೆ, ನಮ್ಮನೆ ಫ್ರಿಜ್ಜು ಹೋದ ತಿಂಗಳು ಎರಡು ಸಲ ತಾನಾಗೇ ಆಫ್ ಆಗಿತ್ತು. ಇವರು ಕರೆಂಟಿನವರಿಗೆ ಫೋನ್ ಮಾಡಿ ಅರ್ಧ ಗಂಟೆ ಬೈದ್ರು,” ಎಂದಳು.

“ಅಂದ್ರೆ?” ಎಂದ ಕಿಡಿಯಣ್ಣ. ಅವನ ಕಿವಿ ಕೆಂಪಾಗಿತ್ತು. “ಅಂದ್ರೆ ನಾನು ಅಂತಾನಾ? ಮೂವತ್ತಾರು ವರ್ಷ ಕೆಲಸ ಮಾಡಿದವನು ನಾನು, ಏನು ಮಾಡ್ತಿದ್ದೀನಿ ಅಂತ ನನಗೇ ಗೊತ್ತಿಲ್ವಾ? ನಾನು ಆ ಸ್ವಿಚ್ಚು ಮುಟ್ಟಿಲ್ಲ. ಒಂದು ದಿನಾನೂ ಮುಟ್ಟಿಲ್ಲ. ಎಲ್ಲ ಸೇರಿ ನನ್ನ ತಲೆಗೆ ಕಟ್ತೀರಾ? ನಿಮ್ಮ ಬಸ್ಸು ಬೇಡ, ನಿಮ್ಮ ಸಹವಾಸನೂ ಬೇಡ.”

ಹೀಗೆಂದು ದಡದಡ ನಡೆದು ಬಾಗಿಲಿಗೆ ಹೋಗಿ, ಮೆಟ್ಟಿಲಿಳಿದು, ರಸ್ತೆಗೆ ಕಾಲಿಟ್ಟ.

ಅವನ ಹಿಂದೆ ದೀಪ ಆರಿತು. ಏದುಸಿರಿನಲ್ಲಿ ತಿರುಗುತ್ತಿದ್ದ ಫ್ಯಾನು ನಿಂತಿತು. ಟಕ್ ಎಂದದ್ದು ನಾಲ್ವರಿಗೂ ಕೇಳಿಸಿತ್ತು.

ಕಿಡಿಯಣ್ಣ ರಸ್ತೆಯಲ್ಲಿ ನಿಂತು ತನ್ನ ಬಲಗೈಯನ್ನು ನೋಡಿದ. ಇಷ್ಟು ವರ್ಷ ಅವನ ಸಿಟ್ಟಿಗೆ ವಿಳಾಸದ ಕೊರತೆಯಿರಲಿಲ್ಲ. ಮ್ಯಾನೇಜರು, ಪಾರಿವಾಳ, ಬೆಡ್‌ಶೀಟು, ತಣ್ಣೀರಣ್ಣ, ಭಾವ. ಈಗ ಸಿಕ್ಕ ವಿಳಾಸ ಸ್ವಂತ ಭುಜದಿಂದ ನೇತಾಡುತ್ತಿತ್ತು. ಕೆನ್ನೆಗೆ ಎಂದೋ ಬಿದ್ದ ಏಟು ಆ ಕ್ಷಣ ಬಿದ್ದ ಹಾಗೆ ಚುರುಗುಟ್ಟಿತು. ಮೂರು ಬಸ್ಸು ಸುಟ್ಟ ಕೈ, ಇನ್ನೆಂದೂ ಸುಡಬಾರದೆಂದು ಕಲಿತ ಕೈ, ಅಕ್ಕನ ಬಸ್ಸನ್ನು ದಿನವೂ ಉಪವಾಸ ಕೆಡವಿತ್ತು. ಬಸ್ಸಿನೊಳಗೆ ಮೊದಲು ನಕ್ಕವಳು ಅಕ್ಕ. ಮುಖವಾಡದ ಗುರುತು ಬಿದ್ದ ಕೆನ್ನೆ ಕುಣಿಯುವ ಹಾಗೆ ನಕ್ಕಳು. ಭಾವನಿಂದ ಸಣ್ಣದೊಂದು ಶಿಳ್ಳೆ ಹೊರಟಿತು.

“ಭಾವ,” ಎಂದ ಕಿಡಿಯಣ್ಣ, ರಸ್ತೆಯಿಂದಲೇ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ, “ಆಫ್ ಆಗಿರುತ್ತೆ ಅಂತ ಮೊದಲೇ ಹೇಳೋಕೆ ನಿಮಗೇನಾಗಿತ್ತು?”

ಅದು ಅವನ ಕ್ಷಮಾಪಣೆ. ಭಾವನಿಗೆ ಅರ್ಥವಾಯಿತು.

ಅವತ್ತೇ ಕಳ್ಳ ವೈರಿನ ಬಿಡುಗಡೆಯಾಯಿತು. ಕಂಟ್ರೋಲರಿನ ವೈರು ಸ್ವಿಚ್ಚನ್ನು ದಾಟಿ, ನಡುವೆ ಒಂದು ಫ್ಯೂಸ್ ಇಟ್ಟುಕೊಂಡು, ನೇರವಾಗಿ ಬ್ಯಾಟರಿಗೆ ಹೋಯಿತು, ತಣ್ಣೀರಣ್ಣ ಮೊದಲ ದಿನ ಕೊಟ್ಟಿದ್ದ ಹಾಗೆಯೇ. ಇನ್ನು ಯಾವ ಕೈ ಯಾವ ಸ್ವಿಚ್ಚು ತಿರುಗಿಸಿದರೂ ಬಿಸಿಲಿಗೆ ದಾರಿ ತೆರೆದಿರುತ್ತದೆ. ಕೆಲಸ ಮುಗಿದ ಮೇಲೆ ಕಿಡಿಯಣ್ಣ ಪೇಟೆಗೆ ಹೋಗಿ ಅಂಗಡಿಯ ಕೌಂಟರನ್ನು ಗುದ್ದಿದ.

“ನೀನು ಹೇಳಿದ್ದು ಸರಿ ಇತ್ತು. ಸರಿ ಇದ್ದಾಗ ಜೋರಾಗಿ ಹೇಳಬೇಕಪ್ಪಾ. ಪಿಸುಗುಟ್ಟಿದ್ರೆ ಯಾರಿಗೆ ಕೇಳುತ್ತೆ?”

“ಇನ್ಮೇಲೆ ಜೋರಾಗಿ ಹೇಳ್ತೀನಿ ಯಜಮಾನ್ರೇ,” ಎಂದು ತಣ್ಣೀರಣ್ಣ ಪಿಸುಗುಟ್ಟಿದ.

ಶುಕ್ರವಾರ, ಶನಿವಾರ ಒಳ್ಳೆಯ ಬಿಸಿಲು. ಶನಿವಾರ ಸಂಜೆ ಮೀಟರು ಹನ್ನೆರಡು ಪಾಯಿಂಟ್ ಏಳು ತೋರಿಸಿತು. ಆ ರಾತ್ರಿ ಅಕ್ಕ ಮನೆಯ ಮುಂದೆಯೇ ನಿಂತ ಬಸ್ಸಿನಲ್ಲಿ, ಯಂತ್ರ ಹಾಕಿಕೊಂಡು ಮಲಗಿದಳು. ಕಿಡಿಯಣ್ಣನಿಗೆ ಬಸ್ಸು ಹತ್ತಲು ಅಪ್ಪಣೆ ಇರಲಿಲ್ಲ. ಭಾನುವಾರ ಬೆಳಗ್ಗೆ ಆರಕ್ಕೇ ಬಂದು ಬಾಗಿಲ ಹೊರಗೆ ನಿಂತ. ಒಳಗಿನಿಂದ ಗಾಳಿ ಊದುವ ಸಣ್ಣ ಸದ್ದು, ಒಂದೇ ಸಮನೆ, ಬರುತ್ತಿತ್ತು. ಭಾವ ಕಿಟಕಿಯಿಂದ ಮೀಟರನ್ನು ಹೊರಗೆ ಹಿಡಿದರು. ಹನ್ನೆರಡೂವರೆ.

ಜ್ಯೂಸ್ ಅಂಗಡಿಯವನು ಒಂಬತ್ತಕ್ಕೆ ಬಂದ. ಬಸ್ಸಿನ ಮೆಟ್ಟಿಲ ಮೇಲೆ ಕಿಡಿಯಣ್ಣ ಕೂತಿದ್ದ.

“ಮಾರೋದಿದೆ ಅಂದಿದ್ರು,” ಎಂದ ಅಂಗಡಿಯವನು.

“ಯಾರಂದ್ರು? ಮನೇನ ಯಾರಾದ್ರೂ ಮಾರ್ತಾರಾ? ನಿನ್ನ ಮನೆ ಮಾರ್ತೀಯಾ? ಬಂದ್ಬಿಟ್ಟ ಬೆಳಬೆಳಗ್ಗೆ,” ಎಂದು ಕಿಡಿಯಣ್ಣ ಎದ್ದು ನಿಂತ. ಅಂಗಡಿಯವನು ಬಂದ ದಾರಿ ಹಿಡಿದ. ಸಿಟ್ಟಿಗೆ ಮತ್ತೆ ವಿಳಾಸ ಸಿಕ್ಕ ಸಂತೋಷ ಕಿಡಿಯಣ್ಣನ ಮುಖದಲ್ಲಿ ಹೊಳೆಯುತ್ತಿತ್ತು.

ಬುಧವಾರ ಹೊರಟರು. ಕೊನೆಯ ಉಪದೇಶಕ್ಕೆಂದು ಕಿಡಿಯಣ್ಣನಿಗೆ ಬಸ್ಸು ಹತ್ತಲು ಬಿಟ್ಟರು. ಫ್ಯೂಸು ಎಲ್ಲಿದೆ, ನೀರು ಎಲ್ಲಿಗೆ ತಾಗಬಾರದು, ಮೀಟರು ಎಷ್ಟಕ್ಕಿಳಿದರೆ ಫ್ರಿಜ್ಜು ಆರಿಸಬೇಕು ಎಂದೆಲ್ಲ ಭಾವನಿಗೆ ಬೈಯುತ್ತ ಬೈಯುತ್ತ ಹೇಳಿ, ಇಳಿಯಲು ತಿರುಗಿದ. ಕಾಲು ಮೆಟ್ಟಿಲು ಹುಡುಕಿತು. ಕೈ ಹೊರಟಿತು.

ಬೆರಳಿಗೆ ಸ್ವಿಚ್ಚಿನ ಬದಲು ದಪ್ಪ ಕಾಗದ ತಾಗಿತು. ಅಕ್ಕ ಅದಕ್ಕೊಂದು ರಟ್ಟಿನ ಮುಚ್ಚಳ ಮಾಡಿ ಕೂರಿಸಿದ್ದಳು. ಮೇಲೆ ನಕ್ಷೆಯ ಮೂಲೆಯಲ್ಲಿ ಊರಿನ ಹೆಸರು ಬರೆಯುವ ಅವಳ ಆ ಸಣ್ಣ ನೇರ ಅಕ್ಷರದಲ್ಲಿ ಬರೆದಿತ್ತು: ‘ಒಳಗೆ ನಿನ್ನ ಅಕ್ಕ ಮಲಗಿದ್ದಾಳೆ.’

ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಬರಿಗೈಯಾಗಿ ವಾಪಸ್ ಬಂತು. ಮೂವತ್ತಾರು ವರ್ಷಗಳಲ್ಲಿ ಮೊದಲ ಸಲ ಕಿಡಿಯಣ್ಣ ಒಂದು ಬಸ್ಸಿನಿಂದ ಸ್ವಿಚ್ ಆಫ್ ಮಾಡದೆ ಇಳಿದ. ಬಸ್ಸು ತಿರುವು ದಾಟುವವರೆಗೂ ಆ ಕೈಯನ್ನು ಜೇಬಿನಲ್ಲೇ ಬಿಗಿಹಿಡಿದಿದ್ದ. ಮನೆಗೆ ಬಂದವನೇ ಹೋಗಿ ಟಿವಿಯ ಸ್ವಿಚ್ಚು ಆರಿಸಿದ. ಹೆಂಡತಿ ನೋಡುತ್ತಿದ್ದ ಧಾರಾವಾಹಿ ಅಳುವ ಘಟ್ಟದಲ್ಲಿತ್ತು. ಅವಳು ಎದ್ದು ಹೋಗಿ ಮತ್ತೆ ಹಾಕಿದಳು.

ಮೂರನೆಯ ದಿನ ಬೆಳಗ್ಗೆ ಅಕ್ಕನ ಫೋನು ಬಂತು. ಹಿಂದೆ ಅಲೆಗಳ ಮೊರೆತ, ಭಾವನ ಶಿಳ್ಳೆ. ಎಲ್ಲಕ್ಕಿಂತ ಜೋರಾಗಿ ಅಕ್ಕನ ದನಿ. ಆ ದನಿಯೊಳಗಿನ ಸಿಟ್ಟು ಯಾರದ್ದೆಂದು ಕಿಡಿಯಣ್ಣನ ಹೆಂಡತಿಗೆ ಕೂಡಲೇ ಗೊತ್ತಾಯಿತು. ತನ್ನ ಗಂಡನದೇ, ಹೆಣ್ಣು ಗಂಟಲಿನಲ್ಲಿ.

“ಲೋ, ಈ ಭೂಶಿರದ ಮೂಗು ಬಲಕ್ಕೆ ಬಾಗಿದೆ ಕಣೋ. ನಾನು ನೆಟ್ಟಗೆ ಬರೆದಿದ್ದೀನಿ. ಮೂವತ್ತು ವರ್ಷದಿಂದ ತಪ್ಪು ನಕ್ಷೆ ಅಚ್ಚಾಗ್ತಿದೆ. ಆ ಕಚೇರೀಲಿ ಒಬ್ಬರಾದ್ರೂ ಇಲ್ಲಿಗೆ ಬಂದು ನೋಡಬಾರದಾ? ಯಾರ ಬೇಜವಾಬ್ದಾರಿ ಇದು? ನಾಳೆನೇ ಕಾಗದ ಬರೀತೀನಿ, ಅವರನ್ನ ಸುಮ್ಮನೆ ಬಿಡಲ್ಲ.”

“ಗೆರೆ ಎಳೆದ ಕೈ ಯಾರದು ಅಕ್ಕ?” ಎಂದ ಕಿಡಿಯಣ್ಣ.

ಆ ಕಡೆ ಬರೀ ಸಮುದ್ರ ಕೇಳಿಸಿತು.

“ಅದಿರಲಿ,” ಎಂದ, “ವೋಲ್ಟ್ ಎಷ್ಟಿದೆ ಹೇಳು.”